ಒಂದು ಕೈಗೆ ಹೊಸದು, ಇನ್ನೊಂದಕ್ಕೆ ಹಳೇದು

ಟ್ರೆಕ್ಕಿಂಗ್ ಗ್ರೂಪಿನ ಅಡ್ಮಿನ್ ಅಕ್ಕನಿಗೆ,

ನೀವು ಕಳಿಸಿದ ತೆಳು ಉಣ್ಣೆ ಗ್ಲೋವ್ಸ್ ಟೆಸ್ಟ್ ಆಯ್ತು. ನಿಮ್ಮ ಒಂದು ರಿವ್ಯೂನೂ ಬಿಡದೆ ಓದೋಳು ನಾನು, ಹಾಗಾಗಿ ನಿಮ್ಮ ರೂಲ್ ಪ್ರಕಾರಾನೇ ಮಾಡಿದೆ: ಒಂದು ಕೈಗೆ ಹೊಸದು, ಇನ್ನೊಂದಕ್ಕೆ ಹಳೇದು. ನನಗೆ ದೊಡ್ಡದಾಯ್ತು ಅಂತ ಅಪ್ಪನಿಗೆ ಹಾಕಿದೆ. "ಗೈಡ್ ಮೇಲೇ ಪ್ರಯೋಗಾನೇನೇ?" ಅಂತ ನಕ್ಕರು.

ಗುಡ್ಡದ ಮೇಲೆ ಗಾಳಿ ಚುಚ್ತಿತ್ತು. ಬಲಗೈ, ಹೊಸದು, ಬೆಚ್ಚಗಿದೆ ಅಂದ್ರು. ಎಡಗೈನೂ ಬೆಚ್ಚಗಿದೆ ಅಂದ್ರು. ನೋಡಿದ್ರೆ ಎಡಗೈಯ ಹಳೇ ಗ್ಲೋವ್ ದಾರೀಲೆಲ್ಲೋ ಬಿದ್ದುಹೋಗಿತ್ತು. ಬೆರಳು ಬಿಳಚಿಕೊಂಡಿತ್ತು. ಜೋರಾಗಿ ಚಿವುಟಿದೆ. ಅವರು ತಿರುಗಿ ಕೂಡ ನೋಡ್ಲಿಲ್ಲ. ಆಮೇಲೆ ನನ್ನ ಮುಖ ನೋಡಿ, "ಅಮ್ಮಂಗೆ ಹೇಳ್ಬೇಡ ಪುಟ್ಟಿ, ಸುಮ್ನೆ ರಂಪ ಮಾಡ್ತಾಳೆ" ಅಂದ್ರು.

ಅಕ್ಕ, ಭಾನುವಾರ ಬಂಡೆ ಹತ್ತೋ ನಿಮ್ಮ ಟೀಮಿಗೆ ಹಗ್ಗ ಹಿಡಿಯೋದು ಅಪ್ಪನೇ. ಬೇರೆ ಗೈಡ್ ಬೇಕು ಅಂತ ನೀವೇ ಆಫೀಸಿಗೆ ಹೇಳಿ. ಕಾರಣ ಏನಾದ್ರೂ ಕೊಡಿ, ಕೈ ವಿಷಯ ಬೇಡ. ಅವರಿಗೆ ಬೇರೆ ಕೆಲಸ ಬರಲ್ಲ. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ.

ರಿವ್ಯೂಗೆ ಇಷ್ಟು ಹಾಕಿ: ಹಗುರ, ಬೆವರಲ್ಲ, ಬಲಗೈಗೆ ನಾಲ್ಕು ಸ್ಟಾರ್. ಎಡಗೈಯ ಹೊಸದು ಟೆಸ್ಟ್ ಆಗ್ಲಿಲ್ಲ. ವಾಪಸ್ ಕೇಳ್ಬೇಡಿ. ಬೆರಳು ಅಮ್ಮನ ಕಣ್ಣಿಗೆ ಬೀಳಬಾರದು ಅಂತ ಅಪ್ಪ ಅದನ್ನ ಈಗ ಊಟಕ್ಕೆ ಕೂತಾಗ್ಲೂ ಹಾಕ್ಕೊಂಡಿರ್ತಾರೆ.

ನಿಮ್ಮ ಫ್ಯಾನ್,
ಗೈಡ್ ಮಗಳು