ಮೂರನೆಯ ಸಲ ಕೇಳಿದರೆ

೪-೩-೬೩, ಸೋಮವಾರ

ಬೆಳಗಿನ ಪಾಳಿಗೆ ಉಪ್ಪಿಟ್ಟು. ಉಪ್ಪು ಕಮ್ಮಿ ಎಂದು ಗಲಾಟೆ. ಕ್ಯಾಂಟೀನಿನ ನಟ್ಟನಡುವೆ ನಿಂತು ಒಂದೇ ಗರ್ಜನೆ— "ಯಾರಲ್ಲಿ! ಉಪ್ಪನ್ನು ತನ್ನಿ!" ಎಲ್ಲ ಗಪ್‌ಚಿಪ್. ಕಂಪನಿ ನಾಟಕದಲ್ಲಿ ಭೀಮನಾಗಿ, ಕೀಚಕನಾಗಿ ಪಳಗಿದ ಗಂಟಲು ಸ್ವಾಮೀ ಇದು. ಈಗ ಕಾರ್ಖಾನೆಯ ಕ್ಯಾಂಟೀನ್ ಸೂಪರ್‌ವೈಸರ್ ಮುರುಗೇಶಪ್ಪನ ಗಂಟಲು. ಗದೆ ಹೋಗಿ ಸೌಟು ಬಂತು. ಗಂಟಲು ಅದೇ.

ದೊಡ್ಡ ಸುದ್ದಿ. ನಮ್ಮ ಪಕ್ಕದ ಮನೆಯ ಪೀರ್ ಬಾಷಾ— ಫಿಟ್ಟರ್— ಅವನ ಹೆಸರು ಜರ್ಮನಿಯ ತರಬೇತಿಗೆ ಹೋಗಿದೆ! ಇನ್ನೊಂದು ಹೆಸರು ಹೊನ್ನಯ್ಯನದು. ಇಬ್ಬರಲ್ಲಿ ಒಬ್ಬನನ್ನು ಆರಿಸುವವರು ಹೊಸ ಯಂತ್ರ ಕೂರಿಸಲು ಬಂದಿರುವ ಬ್ರೆನ್ನರ್ ಸಾಹೇಬರು. ಆಯ್ಕೆಯಾದವನು ಒಂದು ವರ್ಷ ಸಾಹೇಬರ ಊರಿನಲ್ಲಿ, ಅವರ ತಾಯಿಯ ಮನೆಯಲ್ಲೇ ಇರಬೇಕಂತೆ.

ಸಂಜೆ ಪೀರ್ ಬಾಷಾನ ತಾಯಿ ಖಾಜಾಬೀ ಗೋಡೆಯಾಚೆಯಿಂದ ಕರೆದರು.

"ತಮ್ಮಾ ಮುರುಗೇಶಪ್ಪ, ನಾನು ಕಳಿಸಲ್ಲ. ನನ್ನ ಮಗ ಅಲ್ಲಿ ಹಸ್ಕೊಂಡು ಸಾಯ್ತಾನೆ."

"ಯಾಕಕ್ಕ? ಜರ್ಮನಿಯಲ್ಲಿ ಊಟ ಇಲ್ವಾ?"

"ಊಟ ಇರತ್ತೆ. ಇವನು ತಗೊಳಲ್ಲ. ಚಿಕ್ಕೋನಿದ್ದಾಗ ನಾನೇ ಕಲಿಸಿದ್ದು. ಅಪ್ಪ ಇಲ್ಲದ ಮಗ, ಊರೋರು ಬರಗೆಟ್ಟೋನು ಅನ್ಬಾರ್ದು. ಯಾರ ಮನೇಲಾದ್ರೂ ತಿನ್ನೋಕೆ ಕೊಟ್ರೆ ಎರಡು ಸಲ ನಕ್ಕೋ, ಬೇಡ ಅನ್ನು. ಮೂರನೇ ಸಲ ಕೇಳಿದ್ರೆ ಅವರಿಗೆ ನಿಜವಾಗ್ಲೂ ಕೊಡೋ ಮನಸ್ಸಿದೆ, ಆಗ ತಗೋ. ಆ ಬಿಳಿ ಜನ ಮೂರು ಸಲ ಕೇಳ್ತಾರಾ?"

ಇನ್ನೊಂದು ಅಂಜಿಕೆ, ಹರಾಮ್ ಮಾಂಸದ್ದು. ಸಾಹೇಬರು ತಮ್ಮೆದುರು ನಿಂತು ಮಾತು ಕೊಟ್ಟರೆ ಮಾತ್ರ ಮಗ ಹಡಗು ಹತ್ತುವುದು.

ಎದೆ ತಟ್ಟಿಕೊಂಡೆ. "ಅಕ್ಕಾ! ಈ ಮುರುಗೇಶಪ್ಪನ ಮೈಯಲ್ಲಿ ಉಸಿರಿರುವ ತನಕ ನಿಮ್ಮ ಮಗ ಉಪವಾಸ ಬೀಳೋದಿಲ್ಲ!"

ಒಳಗಿನಿಂದ ಹೆಂಡತಿ ದಾಕ್ಷಾಯಣಿ— "ಮೆಲ್ಲಗೆ ಮಾತು ಕೊಡಿ ರೀ. ಹೊಳೆಯಾಚೆ ಓಲ್ಡ್ ಟೌನಿಗೆಲ್ಲ ಕೇಳಿಸ್ತು."

ಕೇಳಿಸಲಿ!

೬-೩-೬೩, ಬುಧವಾರ

ತಾಲೀಮು ಆರಂಭ. ನಮ್ಮ ಮನೆಯ ಮೇಜೇ ಜರ್ಮನಿ. ನಾನು ಮನೆಯೊಡತಿ— ಹೆಗಲ ಮೇಲೆ ಟವೆಲ್ಲು, ದನಿಯಲ್ಲಿ ವಾತ್ಸಲ್ಯ. ಸಾಹೇಬರ ಡ್ರೈವರ್ ಹಯಾತ್ ಕಲಿಸಿಕೊಟ್ಟ ಎರಡು ಮಾತು: ಕೊಡಿ ಎನ್ನುವುದಕ್ಕೆ "ಬಿಟ್ಟೆ", ಕೊಟ್ಟ ಮೇಲೆ "ಡಾಂಕೆ".

ದಾಕ್ಷಾಯಣಿ ನಕ್ಕು ನಕ್ಕು ಕೂತಳು. "ಊಟ ಬಿಟ್ಟೆ ಅಂದ್ರೆ ಯಾರ್ರೀ ಬಡಿಸ್ತಾರೆ?" ಹೆಂಗಸರನ್ನು ತಾಲೀಮಿಗೆ ಬಿಟ್ಟುಕೊಳ್ಳಬಾರದು.

ತುಪ್ಪ ಸವರಿದ ರೊಟ್ಟಿ ಮುಂದೆ ಹಿಡಿದೆ. "ಬೇಡ ಮಾವ." ತಟ್ಟೆ ಹಿಂದಕ್ಕೆ ತೆಗೆದೆ. ಹುಡುಗ ಕದಲಲಿಲ್ಲ. ಕಣ್ಣು ಮಾತ್ರ ರೊಟ್ಟಿಯ ಹಿಂದೆಯೇ ಹೋಯಿತು.

"ಹಸಿವಿಲ್ವೇನೋ?"

"ಇದೆ."

"ಮತ್ತೆ?"

"ನೀವು ಇನ್ನೊಂದು ಸಲ ಕೇಳ್ಲೇ ಇಲ್ವಲ್ಲ ಮಾವ."

ಬೈಯಲು ಹೊರಟವನಿಗೆ ನಾಟಕದ ದಿನಗಳು ನೆನಪಾದವು. ನಮ್ಮ ಕಂಪನಿಯಲ್ಲೂ ಇದೇ ಅಲ್ಲವೇ? ಹಾಡು ಮುಗಿದು "ಒನ್ಸ್ ಮೋರ್" ಎಂದು ಮೊದಲ ಕೂಗು ಎದ್ದರೆ ತಲೆಬಾಗಿ ಒಳಗೆ ಹೋಗಬೇಕು. ಎರಡನೆಯದಕ್ಕೆ ಬಂದು ಕೈಮುಗಿಯಬೇಕು. ಮೂರನೆಯದಕ್ಕೆ ಹಾಡಬೇಕು. ಮೊದಲ ಕೂಗಿಗೇ ಹಾಡಿದವನನ್ನು ಕಾಲುಪೆಟ್ಟಿಗೆ ಹಾರ್ಮೋನಿಯಂ ಬಾರಿಸುವವನೂ ಲೇವಡಿ ಮಾಡುತ್ತಿದ್ದ.

ಆದರೂ ತಾಲೀಮು ತಾಲೀಮೇ. ಭಾನುವಾರ ಶಿವಮೊಗ್ಗ. ನಿಜವಾದ ಹೋಟೆಲಿನಲ್ಲಿ ಪ್ರಯೋಗ.

೧೦-೩-೬೩, ಭಾನುವಾರ

ಮೊದಲು ಕೋಟೆಯ ಹತ್ತಿರ ಟೈಲರ್ ನಸರುಲ್ಲಾನ ಅಂಗಡಿ. ಕೋಟಿಗೆ ಅಳತೆ. ಆಮೇಲೆ ಬಸ್ ಸ್ಟ್ಯಾಂಡ್ ಪಕ್ಕದ ದೊಡ್ಡ ಹೋಟೆಲು. ಚಮಚ, ಮುಳ್ಳು ಚಮಚ ಎರಡನ್ನೂ ತರಿಸಿದೆ. ಇಡ್ಲಿಯನ್ನು ಮುಳ್ಳಿನಿಂದ ಚುಚ್ಚಿ ತಿನ್ನುವುದು ಶತ್ರುವನ್ನು ಚುಚ್ಚಿದ ಹಾಗಿದೆ. ನನಗೆ ಹಿಡಿಸಿತು.

ಸರ್ವರ್ ಬಂದ. "ಇನ್ನೇನು ಕೊಡ್ಲಿ?"

ಪೀರ್ ಬಾಷಾ— "ಬೇಡ, ಬೇಡ."

ಸರ್ವರ್ ಬಿಲ್ಲು ಇಟ್ಟು ಹೋದ. ಪೀರ್ ಬಾಷಾ ಅವನ ಬೆನ್ನನ್ನೇ ನೋಡಿದ, ಈಗ ತಿರುಗುತ್ತಾನೆ, ಈಗ ತಿರುಗುತ್ತಾನೆ ಎಂದು.

"ಇದು ಹೋಟೆಲು ಕಣೋ! ನಿನ್ನ ಬೀಗರ ಮನೆ ಅಲ್ಲ!"

ಇಡೀ ಹೋಟೆಲು ಇತ್ತ ತಿರುಗಿತು. ಪಕ್ಕದ ಮೇಜಿನ ಮುದುಕರೊಬ್ಬರು— "ಏನ್ ಮಾರಾಯಾ, ನಾಟಕ ಎಷ್ಟು ಗಂಟೆಗೆ ಶುರು?" ಎದ್ದು ನಿಂತು ನಮಸ್ಕಾರ ಮಾಡಿದೆ. ಸಭಿಕರಿಗೆ ಗೌರವ ಕೊಡಬೇಕು.

ಬಸ್ಸಿನ ಹೊತ್ತು ಹತ್ತಿರವಾದಾಗ ಹುಡುಗ ತಾನೇ ಕೈ ಎತ್ತಿದ. ಹಣೆಯಲ್ಲಿ ಬೆವರು. "ಇನ್ನೊಂದು ಕಾಫಿ ಕೊಡಿ." ಅಹಹಾ! ಗೆದ್ದೆವು!

ಮಂಗಳವಾರ ಸಾಹೇಬರ ಬಂಗಲೆಯಲ್ಲಿ ಊಟಕ್ಕೆ ಕರೆ. ಹೊನ್ನಯ್ಯ ನಿನ್ನೆಯೇ ಹೋಗಿಬಂದನಂತೆ, ಕೊಟ್ಟಿದ್ದನ್ನೆಲ್ಲ ತಿಂದನಂತೆ. ನಾಡಿದ್ದು ನಮ್ಮ ಪಾಳಿ. ದುಭಾಷಿ ನಾನೇ. ಯಾರೂ ನೇಮಿಸಲಿಲ್ಲ. ನೇಮಿಸಬೇಕಾಗಿಯೂ ಇಲ್ಲ.

೧೩-೩-೬೩, ಬುಧವಾರ. ಮಧ್ಯಾಹ್ನ

ನಿನ್ನೆ ಬರೆಯಲು ಮನಸ್ಸು ಬರಲಿಲ್ಲ.

ಬಿಳಿ ಬಟ್ಟೆ ಹಾಸಿದ ಮೇಜು. ಸಾಹೇಬರೇ ಎದ್ದು ಬಡಿಸಲು ಬಂದರು. ನಾನು ಶಾಕಾಹಾರಿ, ಮನೆಯಲ್ಲಿ ಉಂಡು ಬಂದವನು— ಅದನ್ನು ಮೊದಲೇ ತಿಳಿಸಿದ್ದೆ. ಪೀರ್ ಬಾಷಾನ ಮುಂದೆ ಸೂಪು ಬಂತು.

"ಬೇಡ ಸರ್."

ಎದ್ದು ನಿಂತು ಅನುವಾದಿಸಿದೆ, ಕೊನೆಯ ಸಾಲಿನವರಿಗೂ ಮುಟ್ಟುವಂತೆ: "ನೋ ಸರ್! ನೋ, ನೋ! ನಾಟ್ ಅಟ್ ಆಲ್!"

ಸಾಹೇಬರು ಬೆಚ್ಚಿದರು. ಸೂಪು ಒಳಗೆ ಹೋಯಿತು. ಆಲೂಗಡ್ಡೆ ಬಂತು. ಬೇಡ— ನೋ ಸರ್! ಹೋಯಿತು. ಮೊಟ್ಟೆ ಬಂತು, ಹೋಯಿತು. ಕೇಕು ಬಂತು. ಅದೂ ಹೋಯಿತು. ಎಲ್ಲವನ್ನೂ ಒಂದೊಂದೇ ಸಲ ಕೇಳಿದರು. ಹೋಟೆಲಿನಲ್ಲಿ ಕಲಿತದ್ದು ಹೋಟೆಲಿಗೆ. ಇದು ಮನೆ. ಮನೆಯೊಳಗೆ ಕಾಲಿಟ್ಟೊಡನೆ ಹುಡುಗ ಮತ್ತೆ ಖಾಜಾಬೀಯ ಮಗ. ನಾನೂ ನಾನೇ. ಮಾತನ್ನು ಅನುವಾದ ಮಾಡಿದೆ, ಅದರ ಹಿಂದಿನ ಮರ್ಯಾದೆಯನ್ನಲ್ಲ.

ವಾಪಸು ಬರುವಾಗ ಭದ್ರಾ ಸೇತುವೆಯ ಮೇಲೆ ಪೀರ್ ಬಾಷಾ ಕೇಳಿದ. "ಮಾವ, ಸಾಹೇಬರಿಗೆ ನಾನು ಬಂದಿದ್ದು ಇಷ್ಟ ಆಗ್ಲಿಲ್ಲ ಅನ್ಸತ್ತೆ. ಎರಡನೇ ಸಲ ಯಾವ್ದನ್ನೂ ಕೇಳ್ಲಿಲ್ಲ."

ಇವತ್ತು ಕ್ಯಾಂಟೀನಿಗೆ ಸಾಹೇಬರು ಬಂದರು. ಅವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ, ಆದ್ದರಿಂದ ಚೆನ್ನಾಗಿ ಅರ್ಥವಾಗುತ್ತದೆ. ಕೈಕೆಲಸದಲ್ಲಿ ಪೀರ್ ಬಾಷಾನೇ ಮೇಲಂತೆ. ಆದರೆ ತಮ್ಮ ಅನ್ನ ಬೇಡವೆಂದವನು ತಾಯಿಯ ಮನೆಯಲ್ಲಿ ಹೇಗೆ ಇರುತ್ತಾನೆ? ಯುದ್ಧದ ಕಾಲದಲ್ಲಿ ಹಸಿವು ಕಂಡ ಹೆಂಗಸು. ಮಾಡಿದ್ದನ್ನು ಬೇಡ ಎಂದರೆ ಅಳುತ್ತಾಳೆ. ಹೊನ್ನಯ್ಯನ ಹೆಸರನ್ನು ಸೋಮವಾರ ಆಫೀಸಿಗೆ ಕೊಡುತ್ತಾರಂತೆ.

ಸೋಮವಾರ. ಹಾಗಾದರೆ ಭಾನುವಾರ ನನ್ನ ಕೈಯಲ್ಲಿದೆ. ಇದು ಮಧ್ಯಂತರ, ಮಂಗಳ ಇನ್ನೂ ಹಾಡಿಲ್ಲ.

"ಸರ್," ಎಂದೆ, "ಸಂಡೆ. ಹಿಸ್ ಮದರ್ ಕಾಲಿಂಗ್. ಫಾರ್ ಈಟಿಂಗ್." ತಾಯಿ ಎಂದ ಮೇಲೆ ಸಾಹೇಬರು ಒಪ್ಪಿದರು.

ಆ ತಾಯಿಗೆ ಇನ್ನೂ ಹೇಳಿಲ್ಲ. ಈಗ ಹೋಗಿ ಹೇಳಬೇಕು.

೧೭-೩-೬೩, ಭಾನುವಾರ. ಸಂಜೆ

ಮೂರು ದಿನ ಇಂಗ್ಲಿಷ್ ಭಾಷಣ ಬಾಯಿಪಾಠ ಮಾಡಿದ್ದೆ. "ಆನರಬಲ್ ಸರ್, ಇನ್ ಅವರ್ ಏನ್ಷಿಯೆಂಟ್ ಲ್ಯಾಂಡ್—" ಹೀಗೆ ಶುರು. ಬಾಗಿಲಲ್ಲೇ ಖಾಜಾಬೀ ತಡೆದರು.

"ಇವತ್ತು ನಿನ್ನ ಪಾರ್ಟ್ ಇಲ್ಲ ತಮ್ಮ. ನಿನಗೆ ಬಾಳೆಹಣ್ಣು ತರಿಸಿದೀನಿ. ತಿಂದ್ಕೊಂಡು ಸುಮ್ನೆ ಕೂತ್ಕೋ."

ಜನ್ಮದಲ್ಲಿ ಮೊದಲ ಸಲ ಮಾತಿಲ್ಲದ ಪಾತ್ರ.

ನೆಲದ ಮೇಲೆ ಊಟದ ಬಟ್ಟೆ, ದಸ್ತರಖಾನ್, ಹಾಸಿತ್ತು. ಸಾಹೇಬರು ಉದ್ದ ಕಾಲುಗಳನ್ನು ಹೇಗೋ ಮಡಿಸಿ ಕೂತರು. ಎದುರಿಗೆ ಪೀರ್ ಬಾಷಾ. ಖಾಜಾಬೀ ತಲೆ ಮೇಲೆ ಸೆರಗು ಎಳೆದುಕೊಂಡು ಪುಲಾವು ಬಡಿಸಿದರು. ಸಾಹೇಬರು ತಿಂದರು, ಒಂದು ಅಗುಳೂ ಬಿಡದೆ. ತಟ್ಟೆ ಬರಿದಾಗಿದ್ದೇ ತಡ, ಮತ್ತೆ ಒಂದು ಸೌಟು.

"ನೋ, ನೋ, ಥ್ಯಾಂಕ್ ಯೂ."

ಸೌಟು ಬಿತ್ತು. ಬಿಡುವಂತಿಲ್ಲವಲ್ಲ, ತಿಂದರು. ತಟ್ಟೆ ಬರಿದಾಯಿತು. ಅತಿಥಿಯ ತಟ್ಟೆ ಬರಿದಾದರೆ ಮನೆಯೊಡತಿಗೆ ಅವಮಾನ. ಮತ್ತೆ ಸೌಟು.

"ಪ್ಲೀಸ್— ನೋ."

"ಖಾವ್ ಬೇಟಾ, ಖಾವ್!" ಮೇಲೆ ದಾಲ್ಚಾ ಸಾರು ಬೇರೆ. ಸಾಹೇಬರ ಕತ್ತು ಕೆಂಪಾಯಿತು. ಕಾಲರ್ ಗುಂಡಿ ಬಿಚ್ಚಿದರು. ನನ್ನತ್ತ ನೋಡಿದರು, ಮುಳುಗುವವನು ದಡ ನೋಡುವಂತೆ. ನಾನು ಬಾಳೆಹಣ್ಣು ಸುಲಿದೆ. ಏನು ಮಾಡಲಿ, ಅಪ್ಪಣೆ ಇಲ್ಲ.

ಪೀರ್ ಬಾಷಾನಿಗೆ ನೋಡಲಾಗಲಿಲ್ಲ. "ಸರ್" ಎಂದು ಮೆಲ್ಲಗೆ ಕರೆದು, ಎರಡೂ ಅಂಗೈಗಳನ್ನು ತನ್ನ ತಟ್ಟೆಯ ಮೇಲೆ ಅಡ್ಡ ಹಿಡಿದು ಬಗ್ಗಿ ತೋರಿಸಿದ. ಸಾಹೇಬರು ಹಾಗೆಯೇ ಮಾಡಿದರು. ತಟ್ಟೆಯ ಮೇಲೆ ಎರಡು ಕೈ, ಅದರ ಮೇಲೆ ಇಡೀ ಮೈ.

ಖಾಜಾಬೀ ಗೊಳ್ಳೆಂದು ನಕ್ಕರು. "ಹಾಂ! ಈಗ ಹೊಟ್ಟೆ ತುಂಬಿದೆ!" ಸೌಟು ಕೆಳಗಿಟ್ಟರು.

ಸಾಹೇಬರು ಸೌಟು ನೋಡಿದರು. ತಮ್ಮ ಕೈ ನೋಡಿದರು. ಪೀರ್ ಬಾಷಾನನ್ನು ನೋಡಿದರು. ಆಮೇಲೆ ನನ್ನನ್ನು ಕೇಳಿದರು— ಹಾಗಾದರೆ ಇಲ್ಲಿ ಬಾಯಲ್ಲಿ ಬೇಡ ಎಂದರೆ ಬೇಡ ಅಲ್ಲವೇ?

ಖಾಜಾಬೀಯ ಮುಖ ನೋಡಿದೆ. ತಲೆಯಾಡಿಸಿದರು. ಅಪ್ಪಣೆ ಸಿಕ್ಕಿತು! ಏನ್ಷಿಯೆಂಟ್ ಲ್ಯಾಂಡ್ ಎಲ್ಲಿ ಹೋಯಿತೋ ತಿಳಿಯದು. ಬಾಯಿಗೆ ಬಂದದ್ದು ಎರಡೇ ಮಾತು.

"ಸರ್... ಒನ್ಸ್ ಮೋರ್."

ಸಾಹೇಬರು ತಾವೇ ಸೌಟು ಎತ್ತಿಕೊಂಡರು. ಪೀರ್ ಬಾಷಾನ ಮುಂದೆ ಹಿಡಿದರು.

"ನಕ್ಕೋ ಸರ್."

"ಒನ್ಸ್ ಮೋರ್," ಎಂದೆ.

ಮತ್ತೆ ಹಿಡಿದರು. "ನಕ್ಕೋ..." ದನಿ ಸಣ್ಣದಾಗಿತ್ತು.

ನಾನು ಹೇಳಬೇಕಾಗಲಿಲ್ಲ. ಮೂರನೆಯ ಸಲ ಹಿಡಿದರು. ಪೀರ್ ಬಾಷಾ ಎರಡೂ ಕೈಯಲ್ಲಿ ತಟ್ಟೆ ಎತ್ತಿ ಮುಂದೆ ಚಾಚಿದ.

ಸಾಹೇಬರು ಬಡಿಸಿದರು, ಸೌಟು ಇಟ್ಟು ಹಣೆಗೆ ಕೈ ಹಚ್ಚಿದರು. "ಟ್ಯೂಸ್ಡೇ..." ಹುಡುಗ ತಲೆ ತಗ್ಗಿಸಿದ. ಉತ್ತರ ಕೊಟ್ಟವರು ಖಾಜಾಬೀ. ಮಂಗಳವಾರ ಎನ್ನುವುದು ಅವರಿಗೆ ಹೇಗೆ ತಿಳಿಯಿತೋ! ಖಾಲಿ ಪಾತ್ರೆ ಎತ್ತಿ, ಅದರ ತಳ ಕೆರೆದು ಕೆರೆದು ತೋರಿಸಿದರು— ಅವತ್ತು ಮನೆಗೆ ಬಂದು ಹೀಗೆ ತಿಂದ! ಸಾಹೇಬರು ನಗುತ್ತಲೇ ಕಣ್ಣು ಒರೆಸಿಕೊಂಡರು.

ಉಳಿದದ್ದು ಎರಡನೆಯ ಷರತ್ತು. "ತಮ್ಮಾ, ಈಗ ನಿನ್ನ ಪಾರ್ಟು," ಎಂದರು ಖಾಜಾಬೀ. "ಆ ಜಾನುವಾರಿನ ಹೆಸರು ಮಾತ್ರ ನನ್ನ ಮನೇಲಿ ಎತ್ಬೇಡ. ಯಾವ ಭಾಷೇಲೂ ಎತ್ಬೇಡ. ಆದ್ರೆ ಅವರಿಗೆ ತಿಳೀಬೇಕು."

ಹೆಸರೆತ್ತದೆ ತಿಳಿಸುವುದು! ಪಂಚೆ ಎತ್ತಿ ಕಟ್ಟಿದೆ. ಅಂಗಳಕ್ಕಿಳಿದು ನಾಲ್ಕು ಕಾಲಿನ ಮೇಲೆ ನಿಂತೆ. ಮೂಗು ಮುಂದೆ ಮಾಡಿದೆ, ಮಣ್ಣು ಮೂಸಿದೆ, ಗುರ್ ಗುರ್ ಎಂದೆ. ಆಮೇಲೆ ಎದ್ದು ಬಾಯಿಗೆ ಅಡ್ಡ ಕೈ. ದುಶ್ಶಾಸನನ ಎದೆ ಬಗೆದ ಭೀಮ ಇವತ್ತು ಈ ವೇಷ ಹಾಕಿದ. ಗೋಡೆಯಾಚೆ ದಾಕ್ಷಾಯಣಿಯ ತಲೆ ಕಂಡಿತು, ಕೂಡಲೇ ಮರೆಯಾಯಿತು. ನಗುವಿನ ಸದ್ದು ಮರೆಯಾಗಲಿಲ್ಲ.

ಸಾಹೇಬರು ನಗಲಿಲ್ಲ. ಖಾಜಾಬೀಯ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟರು. "ಮೈ ಮದರ್. ಫಿಶ್. ಎಗ್. ಪೊಟೇಟೊ. ಓನ್ಲಿ." ನಾನು ಹೇಳಿದೆ— ಮೀನು, ಮೊಟ್ಟೆ, ಆಲೂಗಡ್ಡೆ, ಅಷ್ಟೇ. ಖಾಜಾಬೀ ಅವರ ಕಣ್ಣನ್ನೇ ನೋಡಿದರು.

"ಸರಿ. ಇನ್ನೊಂದು ಹೇಳು. ಅವರಮ್ಮನಿಗೂ ತಿಳಿಸ್ಲಿ, ಮೂರು ಸಲ ಕೇಳ್ಬೇಕು ಅಂತ."

ಹೇಳುವ ಮೊದಲೇ ಸಾಹೇಬರು ಮೂರು ಬೆರಳು ಎತ್ತಿದರು.

೧೮-೩-೬೩, ಸೋಮವಾರ

ಪೀರ್ ಬಾಷಾನ ಹೆಸರು ಆಫೀಸಿಗೆ ಹೋಯಿತು! ಹೊನ್ನಯ್ಯನಿಗೆ ಬರುವ ವರ್ಷ ಎಂದಿದ್ದಾರೆ. ಹೊನ್ನಯ್ಯ ಒಳ್ಳೆಯವನು. "ಮುರುಗೇಶಪ್ಪನೋರೇ, ಮೊದಲ್ನೇ ಸಲಕ್ಕೇ ತಿಂದಿದ್ದಕ್ಕೆ ನಂಗೆ ಸೋಲು ನೋಡಿ" ಎಂದು ನಕ್ಕ.

ಮಧ್ಯಾಹ್ನ ಸಾಹೇಬರು ಕ್ಯಾಂಟೀನಿನಲ್ಲಿ ಊಟ ಮಾಡಿದರು. ಅನ್ನ ಎಂದ ಕೂಡಲೇ ತಟ್ಟೆಯ ಮೇಲೆ ಮೈಯೆಲ್ಲ ಚೆಲ್ಲಿ ಬಗ್ಗಿದರು. ಇನ್ನೂ ಬಡಿಸಿಯೇ ಇರಲಿಲ್ಲ.

೯-೬-೬೩, ಭಾನುವಾರ

ಪಾಸ್‌ಪೋರ್ಟು, ಸೂಜಿಮದ್ದು, ಕೋಟಿನ ತೋಳು ಗಿಡ್ಡವಾಗಿ ಮತ್ತೆ ನಸರುಲ್ಲಾ— ಎಲ್ಲ ಮುಗಿದು ಇವತ್ತು ಹೊರಟ. ಬೀರೂರಿನಲ್ಲಿ ಗಾಡಿ ಬದಲಾಯಿಸಿ ಬೊಂಬಾಯಿ. ಅಲ್ಲಿಂದ ಹಡಗು.

ಸ್ಟೇಷನ್ನಿಗೆ ಹೋಗಿದ್ದೆವು. ಬೀಳ್ಕೊಡುಗೆಗೆ ಭಾಷಣ ಸಿದ್ಧವಿತ್ತು. ಕರ್ಣನನ್ನು ಕಳಿಸುವ ಕುಂತಿಯ ಧಾಟಿಯಲ್ಲಿ.

ಖಾಜಾಬೀ ಮಗನ ಕೋಟಿನ ಗುಂಡಿ ಹಾಕಿದರು. ಬಿಚ್ಚಿದರು. ಮತ್ತೆ ಹಾಕಿದರು. "ಬೇಟಾ, ನಾನು ಕಲಿಸಿದ್ದು ಈ ಊರಿಗೆ. ಅಲ್ಲಿ ಮೊದಲ್ನೇ ಸಲಕ್ಕೇ ತಗೋ."

"ಸಾಹೇಬರು ಅವರಮ್ಮನಿಗೆ ಹೇಳಿದಾರಲ್ಲ ಅಮ್ಮಾ."

"ಆದ್ರೂ ತಗೋ. ಎಲ್ಲರೂ ಅವರಮ್ಮ ಅಲ್ಲ."

ತಿಂಡಿ ಮಾರುವವನು ಬಂದ. "ವಡೆ ಕೊಡಿಸ್ಲೇನೋ?" ಎಂದೆ. ಸುಮ್ಮನೆ ಕೇಳಿದ್ದು. ಇವನ ಎರಡು ಬೇಡ ಮುಗಿಯುವುದರೊಳಗೆ ಗಾಡಿ ಬಿಡುತ್ತದೆ ಎಂದುಕೊಂಡಿದ್ದೆ. ಅವನ ಬಾಯಿ "ಬೇ" ಎನ್ನಲು ತೆರೆಯಿತು. ನಿಂತಿತು.

"ಕೊಡಿಸಿ ಮಾವ. ಹಸಿವಾಗಿದೆ."

ಖಾಜಾಬೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದರು. ಹುಟ್ಟಿದಾಗಿನಿಂದ ಅವನು ಹಸಿವು ಎಂದು ತಾನಾಗಿ ಮನೆಯ ಹೊರಗೆ ಹೇಳಿದ್ದು ಇದೇ ಮೊದಲು.

ಗಾಡಿ ಕೂಗಿತು. ಕಿಟಕಿಯಲ್ಲಿ ಅವನು, ಕೈಯಲ್ಲಿ ವಡೆ. ನಾನು ಭಾಷಣಕ್ಕೆ ಬಾಯಿ ತೆರೆದೆ. ಕ್ಯಾಂಟೀನನ್ನು ನಡುಗಿಸುವ ಗಂಟಲು. ಒಂದಕ್ಷರ ಬರಲಿಲ್ಲ. ಕೈ ಬೀಸಿದೆ, ಮೂಕಿ ಸಿನಿಮಾದವನಂತೆ.

ಮನೆಗೆ ಬಂದು ಇಷ್ಟು ಬರೆದೆ. ಪಕ್ಕದ ಮನೆಯಲ್ಲಿ ಸದ್ದಿಲ್ಲ. ದಾಕ್ಷಾಯಣಿ ಅಲ್ಲಿಗೆ ಹೋಗಿ ಕರೆದಳು— "ಖಾಜಾಬೀ ಅಕ್ಕ, ಎರಡು ರೊಟ್ಟಿ ತಿನ್ನಿ ಬನ್ನಿ." ಅವರು ಬೇಡ ಎಂದರಂತೆ. ಹಾಗೆನ್ನುತ್ತ ಒಳಗೆ ಬಂದಳು. ನಾನು ಪೆನ್ನು ಎತ್ತಿ ಅವಳನ್ನು ನೋಡಿದೆ. ನಕ್ಕು ಮತ್ತೆ ಹೋದಳು. ಮತ್ತೆ ಬೇಡವಂತೆ. ಈಗ ನಾನೇ ಎದ್ದು—