ಮಗಳ ಕಂಪ್ಯೂಟರಿಗೆ ಅಮ್ಮ ಕೊಟ್ಟ ಮಾರ್ಕು

ಸಿದ್ಧಾರ್ಥನಗರ, ಮೈಸೂರು
೧೭-೧೧-೧೯೯೯, ಬುಧವಾರ ಸಂಜೆ

ನನ್ನೊಡನೆ ಮಾತು ಬಿಟ್ಟಿರುವ ಮುದ್ದಿನ ಮಗಳು ಮರ್ಲಿನ್‌ಗೆ, ಅಡುಗೆಮನೆಯಿಂದ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ನೀನು ಪಕ್ಕದ ಕೋಣೆಯಲ್ಲಿ ಕ್ಷೇಮವಾಗಿದ್ದೀಯೆಂದು ಟೇಪ್ ರೆಕಾರ್ಡರಿನ ಸದ್ದಿನಿಂದ ತಿಳಿದು ಸಂತೋಷವಾಯಿತು. ಒಂದೇ ಮನೆಯಲ್ಲಿದ್ದುಕೊಂಡು ಕಾಗದವೇ ಎಂದು ನಗಬೇಡ. ಇದು ನಿನ್ನಪ್ಪನ ಸಲಹೆ. "ಅಪ್ಪಾ, ಸಾರಿಗೆ ಉಪ್ಪು ಸಾಲ್ದು ಅಂತ ಅಮ್ಮಂಗೆ ಹೇಳಿ." "ರೀ, ಉಪ್ಪಿನ ಡಬ್ಬ ಅವಳ ಮುಂದೇನೇ ಇದೆ ಅಂತ ಅವಳಿಗೆ ಹೇಳಿ." ಹೀಗೆ ನಾವಿಬ್ಬರೂ ಅವರಿಗೆ ತುತ್ತು ಇಳಿಯಲು ಬಿಡದಿದ್ದಕ್ಕೆ, ನಿನ್ನೆ ಪಾಪ ತಟ್ಟೆ ಎತ್ತಿಕೊಂಡು ವರಾಂಡಕ್ಕೆ ಹೋದರು. "ನಾನೇನ್ ಪೋಸ್ಟ್‌ಮ್ಯಾನಾ? ಏನಿದ್ರೂ ಕಾಗ್ದದಲ್ಲಿ ಬರ್ಕೊಂಡ್ಬುಡಿ ಕಣಮ್ಮ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಮಾಡಿದ ಕಂಪ್ಯೂಟರ್ ಪ್ರೋಗ್ರಾಮನ್ನು ನಾನು ಫೇಲ್ ಮಾಡಿದೆ. ಹೌದು. ನಮ್ಮ ಜಯಲಕ್ಷ್ಮಿಪುರಂ ನರ್ಸಿಂಗ್ ಹೋಮು ಅದನ್ನು ಕೊಂಡರೆ ಮೇಟಗಳ್ಳಿಯ ನಿನ್ನ ಕಂಪನಿಗೆ ಅದೇ ಮೊದಲ ಆರ್ಡರು, ನಿನಗೆ ಕೆಲಸ ಖಾಯಂ. ಇದೆಲ್ಲ ಗೊತ್ತಿದ್ದೇ ಫೇಲ್ ಮಾಡಿದೆ. ಶಿವರುದ್ರಪ್ಪ ಡಾಕ್ಟರು ನನ್ನನ್ನು ಕರೆದು, "ಸಿಸ್ಟರ್, ಒಂದು ತಿಂಗ್ಳು ಉಪಯೋಗಿಸಿ ನೋಡಿ. ನೀವು ಪಾಸ್ ಅಂದ್ರೆ ತಗೋತೀನಿ, ಫೇಲ್ ಅಂದ್ರೆ ಪೆಟ್ಟಿಗೆ ಸಮೇತ ವಾಪಸ್" ಅಂದಿದ್ದರು. ನೀನು ನನ್ನ ಮಗಳೆಂದು ಅವರಿಗೆ ನಾನು ಹೇಳಿರಲಿಲ್ಲ. ಹೇಳಿದ್ದರೆ ನನ್ನ ಪಾಸಿಗೆ ಕಿಮ್ಮತ್ತೇನು? ಆಯಾ ಆಗಿ ಸೇರಿ ಹೆಡ್ ನರ್ಸ್ ಆದವಳು ನಾನು. ಸಂಪಾದಿಸಿದ್ದು ಒಂದೇ, ನನ್ನ ಮಾತಿಗೆ ಅಲ್ಲಿರುವ ಬೆಲೆ. ಅದನ್ನು ಮಗಳಿಗೋಸ್ಕರವೂ ಅಡವಿಡಲಾರೆ.

ಫೇಲ್ ಮಾಡಿದ್ದಕ್ಕೆ ಕಾರಣ ಕೇಳು. ಬೆಳಿಗ್ಗೆ ಎಂಟಕ್ಕೆ ಕೊಟ್ಟ ಇಂಜೆಕ್ಷನ್ನು ನಿನ್ನ ಕಂಪ್ಯೂಟರಿನಲ್ಲಿ ಮಧ್ಯಾಹ್ನ ಎರಡಕ್ಕೆ ಕೊಟ್ಟಂತೆ ಕಾಣುತ್ತಿತ್ತು. ಅದನ್ನೇ ನಂಬಿದ ಸಂಜೆ ಡ್ಯೂಟಿಯ ಹುಡುಗಿ, ನಾಲ್ಕಕ್ಕೆ ಕೊಡಬೇಕಾದ ಮುಂದಿನದನ್ನು ಹತ್ತಕ್ಕೆ ಮುಂದೂಡಲಿದ್ದಳು. ನಾನು ಹಳೆಯ ಚಾರ್ಟು ನೋಡಿ ತಡೆದೆ. ಮಲಗಿದ್ದ ಅಜ್ಜಿಗೆ ಜ್ವರ ನೂರಮೂರು. ಇದನ್ನು ಹೇಳಿದರೆ ನೀನೇನಂದೆ? "ನಿಮ್ಮ ನರ್ಸ್‌ಗಳು ಸೋಂಬೇರಿಗಳು ಕಣಮ್ಮ. ಕೊಟ್ಟ ತಕ್ಷಣ ಟೈಪ್ ಮಾಡಕ್ಕೇನ್ ರೋಗ?" ನಾನೂ ಸುಮ್ಮನಿರಲಿಲ್ಲ, "ನಿನ್ನ ಯಂತ್ರ ಸುಳ್ಳು ಹೇಳುತ್ತೆ" ಎಂದೆ. ಅಲ್ಲಿಗೆ ಮಾತು ನಿಂತಿತು.

ಆದರೆ ನಿನ್ನ ಮಾತು ಕಿವಿಯಲ್ಲಿ ಕೂತಿತ್ತು. ಪೆಟ್ಟಿಗೆ ಇನ್ನೂ ವಾಪಸು ಹೋಗಿರಲಿಲ್ಲ. ಸೋಮವಾರ ಕಂಪ್ಯೂಟರ್ ಕೋಣೆಯ ಎದುರಿಗೆ ಬ್ಯಾಂಡೇಜು ಸುತ್ತುವ ನೆಪ ಹೂಡಿ ಕುಳಿತೆ. ಬೆಳಗಿನ ಡ್ಯೂಟಿಯ ನರ್ಸ್ ಸರೋಜಮ್ಮ ಇಂಜೆಕ್ಷನ್ ಕೊಟ್ಟು ನೇರ ಬಾಗಿಲವರೆಗೆ ಬಂದಳು. ನಿಂತಳು. ತನ್ನ ಕಾಲು ನೋಡಿಕೊಂಡಳು, ವಾಪಸು ಹೊರಟಳು. ಕರೆದು ಕೇಳಿದೆ. "ಈ ಲೇಸ್ ಬಿಚ್ಚಿ ಕಟ್ಟೋಷ್ಟ್ರಲ್ಲಿ ಎರಡು ಬೆಡ್ ನೋಡ್ಬೋದು ಸಿಸ್ಟರ್. ಸೊಂಟ ಬೇರೆ ಬಗ್ಗಲ್ಲ. ಮನೆಗೋಗೋವಾಗ ಎಲ್ಲಾ ಒಟ್ಟಿಗೆ ಹಾಕ್ತೀನಿ ಬುಡಿ" ಎಂದಳು. ಶೂ ಯಾಕೆ ಬಿಚ್ಚಬೇಕು ಎಂದೆ. ಅವಳು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿ, "ಪಾದರಕ್ಷೆ ಬಿಟ್ಟು ಒಳಗೆ ಬನ್ನಿ ಅಂತ ಬೋರ್ಡ್ ಬರೆಸಿದ್ದು ಯಾರು? ನಮ್ಮಜ್ಜೀನಾ?" ಎಂದಳು.

ಬರೆಸಿದ್ದು ನಾನೇ, ಮರ್ಲಿನ್. ಡಾಕ್ಟರು ಹೇಳಿದ್ದಲ್ಲ, ನಿನ್ನ ಕಂಪನಿಯವರು ಕೇಳಿದ್ದೂ ಅಲ್ಲ. ಕಂಪ್ಯೂಟರು ಬಂದ ದಿನ ನಾನು ಏನೇನು ಮಾಡಿದೆ ಎಂದು ನಿನಗೆ ಗೊತ್ತಿಲ್ಲ. ವಾರ್ಡಿನ ಧೂಳು ಬೀಳಬಾರದೆಂದು ಮೂಲೆಯ ಕೋಣೆ ಖಾಲಿ ಮಾಡಿಸಿದೆ. ಕ್ರೋಷಾದಲ್ಲಿ ಹೊದಿಕೆ ಹೆಣೆದೆ, ಟಿವಿಯಂಥ ಪರದೆಗೊಂದು, ಕೀಲಿಮಣೆಗೊಂದು. ಗೋಡೆಗೆ ದೇವಮಾತೆಯ ಪಟ ಹಾಕಿದೆ. ಕೈ ತೊಳೆಯದೆ ಮುಟ್ಟಿದವರನ್ನು ಗದರಿದೆ. ಇಷ್ಟೆಲ್ಲ ಆದಮೇಲೆ ಯಾರು ತಾನೆ ಹತ್ತಿರ ಸುಳಿಯುತ್ತಾರೆ? ನನ್ನ ಮಗಳು ಮಾಡಿದ್ದು ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲವಲ್ಲ, ಆ ಹೆಮ್ಮೆಯೆಲ್ಲ ಹೀಗೆ ಹೊರಬಂತು.

ಅವತ್ತೇ ಬೋರ್ಡು ಕಿತ್ತೆ. ಪೆಟ್ಟಿಗೆಯನ್ನು ವಾರ್ಡಿನೊಳಗೆ, ನರ್ಸುಗಳ ಮೇಜಿನ ಮೇಲೆ ಇರಿಸಿದೆ. ಈಗ ಸರೋಜಮ್ಮ ಒಂದು ಕೈಯಲ್ಲಿ ಟ್ರೇ ಹಿಡಿದು ಇನ್ನೊಂದು ಕೈಯ ಒಂದೇ ಬೆರಳಲ್ಲಿ ಕುಟ್ಟುತ್ತಾಳೆ. ಕೋಳಿ ಕಾಳು ಹೆಕ್ಕಿದ ಹಾಗಿರುತ್ತದೆ, ಆದರೆ ಹೊತ್ತಿಗೆ ಸರಿಯಾಗಿ ಹೆಕ್ಕುತ್ತಾಳೆ. ನಿನ್ನೆ ಇವತ್ತು ಹಳೆಯ ಚಾರ್ಟನ್ನೂ ಪರದೆಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದೆ. ಎರಡೂ ತಾಳೆಯಾದವು.

ಹಾಗೆಂದು ನಿನ್ನನ್ನು ಪೂರ್ತಿ ಬಿಟ್ಟುಬಿಡುತ್ತೇನೆಂದುಕೊಳ್ಳಬೇಡ. ವಾರ್ಡಿನಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಟೈಪು ತಡವಾಗಿಯೇ ಆಗುತ್ತದೆ. ಕುಟ್ಟಿದ ಹೊತ್ತನ್ನೇ ಕೊಟ್ಟ ಹೊತ್ತು ಎಂದುಕೊಳ್ಳುವುದು ನಿನ್ನ ಯಂತ್ರದ ದಡ್ಡತನ. ಕೊಟ್ಟದ್ದು ಎಷ್ಟು ಹೊತ್ತಿಗೆ ಎಂದು ಅದು ಬೇರೆಯಾಗಿ ಕೇಳಬೇಕು. ಬೋರ್ಡು ನನ್ನ ತಪ್ಪು, ಇದು ನಿನ್ನದು. ಎರಡನ್ನೂ ಎರಡನೆಯ ವರದಿಯಲ್ಲಿ ಬರೆದೆ. ನನ್ನದನ್ನು ಮೊದಲು ಬರೆದೆ. ನಿನ್ನದನ್ನು ತಿದ್ದಿಕೊಡಬೇಕೆಂಬ ಷರತ್ತಿನ ಮೇಲೆ ಪಾಸು ಎಂದು ಕೊನೆಗೆ ಸೇರಿಸಿದೆ.

ನರ್ಸುಗಳನ್ನು ಸೋಂಬೇರಿಗಳೆಂದದ್ದಕ್ಕೆ ಸರೋಜಮ್ಮನ ಹತ್ತಿರ ಒಂದು ಮಾತು ಹೇಳಿಬಿಡು. ನನ್ನ ಹತ್ತಿರ ಏನೂ ಹೇಳುವುದು ಬೇಡ, ಊಟಕ್ಕೆ ಬಾ.

ಇಂತಿ, ನಿನ್ನಷ್ಟೇ ಹಟಮಾರಿಯಾದ ಅಮ್ಮ,
ಲೂರ್ದಮ್ಮ

ತಾ.ಕ.: ಇವತ್ತು ವರದಿ ಕೊಟ್ಟಾಗ ಡಾಕ್ಟರು ಕೊನೆಯ ಸಾಲಷ್ಟೇ ನೋಡಿ ಆರ್ಡರಿಗೆ ಸಹಿ ಹಾಕಿದರು. ಪೂರ್ತಿ ಓದಿ ಸರ್ ಎಂದೆ. "ಆ ಹುಡುಗಿ ಮೊದಲ್ನೇ ದಿನ ಕೊಟ್ಟ ಕಾರ್ಡಲ್ಲೇ ಮರ್ಲಿನ್ ಸವರಿಮುತ್ತು ಅಂತಿತ್ತು. ನಿಮ್ಮ ಯಜಮಾನ್ರ ಹೆಸರು ನಂಗೊತ್ತಿಲ್ವಾ ಸಿಸ್ಟರ್? ಸ್ವಂತ ಮಗಳನ್ನೇ ಫೇಲ್ ಮಾಡಿದೋರು ಈಗ ಪಾಸ್ ಅಂದ್ರೆ, ಇನ್ನೇನ್ ಓದೋದು?" ಎಂದು ನಕ್ಕರು. ಆರ್ಡರಿನ ಕಾಗದ ನಾಳೆ ನಿನ್ನ ಕಂಪನಿಗೆ ತಲುಪುತ್ತದೆ. ಅಲ್ಲಿಯವರೆಗೆ ಆಫೀಸಿನಲ್ಲಿ ಏನೂ ಗೊತ್ತಿಲ್ಲದವಳಂತಿರು. ತಡೆಯಲಾಗದಿದ್ದರೆ ಈಗಲೇ ಅಡುಗೆಮನೆಗೆ ಬಾ, ಇಬ್ಬರೂ ಕುಣಿಯೋಣ.