ತಗ್ಗಿಸಿಟ್ಟ ಬೆಳಕು

ಅಲೆಕ್ಸಾಂಡ್ರಿಯಾ
ಹಬ್ಬದ ಮೂರನೆಯ ದಿನ, ೧೬ ನವೆಂಬರ್ ೨೦೦೪

ಪ್ರೀತಿಯ ವಹ್ಬಿಗೆ,

ನಿನಗೂ ಮನೆಯವರಿಗೂ ಹಬ್ಬದ ಸಲಾಮು. ಎರಡು ವರ್ಷದ ಬಾಕಿ ಸೇರಿಸಿ ಒಟ್ಟಿಗೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಎಷ್ಟೋ ಸಲ ಫೋನಿನ ಹತ್ತಿರ ಹೋಗಿ ಹಿಂದಿರುಗಿದ್ದೇನೆ. ನಿನ್ನ ದನಿ ಕೇಳಿದರೆ ನಾನು ಮತ್ತೆ ವಾದಕ್ಕೆ ಇಳಿಯುವವನೇ. ಕಾಗದ ವಾಸಿ, ತಿರುಗಿ ಮಾತಾಡುವುದಿಲ್ಲ. ಅಕ್ಷರ ಇಷ್ಟು ದಪ್ಪಗಿರುವುದಕ್ಕೂ ಸಾಲು ಓರೆಯಾಗಿರುವುದಕ್ಕೂ ಕಾರಣವಿದೆ, ಹೇಳುತ್ತೇನೆ.

ನಾವು ಗಂಡ ಹೆಂಡತಿ ಚೆನ್ನಾಗಿದ್ದೇವೆ ಎನ್ನಬೇಕು. ನಿಮತ್‌ಳ ಮಂಡಿನೋವು ಹಾಗೇ ಇದೆ. ಈ ಹಬ್ಬಕ್ಕೂ ಕಹಕ್ ಬಿಸ್ಕತ್ತು ಮಾಡಿದಳು. ಒಂದು ಡಬ್ಬಿ ನಿನ್ನ ಹೆಸರಲ್ಲಿ ತುಂಬಿ, ನನ್ನ ಮುಖ ನೋಡಿ, ಬೀರುವಿನ ಮೇಲಿಟ್ಟಳು. ಲಿಫ್ಟ್ ಕೆಟ್ಟು ಎಂಟು ತಿಂಗಳಾಯಿತು. ಶುಕ್ರವಾರದ ಗುಜರಿ ಸಂತೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಮೊನ್ನೆ ಗುಜರಿಯವನು ಬೀದಿಯಿಂದಲೇ ಕೂಗಿದ: "ಇಂಜಿನಿಯರ್ ಸಾಹೇಬ್ರೇ, ಹಡಗಿಂದ ಇಳಿಸಿದ ಸ್ಕೋಪ್ ಒಂದಿದೆ, ಬಂದು ನೋಡಿ." ಮೇಲಕ್ಕೆ ಹೊತ್ತು ತಾ ಎಂದೆ. "ಅದನ್ನ ನಾಲ್ಕು ಮಹಡಿ ಹೊತ್ರೆ, ಆಮೇಲೆ ನನ್ನನ್ನೂ ನೀವೇ ರಿಪೇರಿ ಮಾಡ್ಬೇಕಾಗ್ತದೆ," ಎಂದು ಗಾಡಿ ತಳ್ಳಿಕೊಂಡು ಹೋದ. ಮುಂಚಿನ ನಾನಾಗಿದ್ದರೆ ಚಪ್ಪಲಿಯೂ ಹಾಕಿಕೊಳ್ಳದೆ ಇಳಿದು ಓಡುತ್ತಿದ್ದೆ. ಈಗ ಕಿಟಕಿ ಮುಚ್ಚಿ ಕೂತೆ. ದಣಿದಿದ್ದೇನೆ, ವಹ್ಬಿ.

ಹಿಂದಿನ ಕೋಣೆಯಲ್ಲಿ ಈಗ ಒಂಬತ್ತು ಆಸಿಲೋಸ್ಕೋಪ್‌ಗಳಿವೆ, ಕರೆಂಟಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಹಳೆಯ ಪೆಟ್ಟಿಗೆಗಳು. ಸ್ವಿಚ್ ಹಾಕಿದರೆ ಕಾಯಲು ಹತ್ತು ನಿಮಿಷ, ಆಮೇಲೆ ಬಿಸಿಯಾದ ಧೂಳಿನ ವಾಸನೆ, ಆಮೇಲೆ ಹಸಿರು ಗೆರೆ. ಒಂದೊಂದರ ಮೇಲೂ ನಾನು ಅಂಟಿಸಿದ ಚೀಟಿ ಹಾಗೇ ಇದೆ: "ಬೆಳಕು ತಗ್ಗಿಸಿ." ಬೆಳಕಿನ ಗುಂಡಿ ಏರಿಸಿಟ್ಟರೆ ಪರದೆ ಸುಟ್ಟು ಕಲೆ ಬೀಳುತ್ತದೆ, ಹಳೆಯ ಟ್ಯೂಬಿಗೆ ಬದಲಿ ಸಿಗುವುದಿಲ್ಲ. "ನಿನ್ನ ಮನೇಲಿ ಗೆರೆ ನೋಡೋಕೆ ಬೆಕ್ಕಿನ ಕಣ್ಣು ಬೇಕು ಕಣೋ," ಎಂದು ನೀನು ಆಡಿಕೊಳ್ಳುತ್ತಿದ್ದೆ. ನಾವಿಬ್ಬರೂ ದುಡಿದ ಬಂದರಿನ ರಡಾರ್ ಕೋಣೆಯಲ್ಲಿ ಕಲಿತ ಅಭ್ಯಾಸ, ನಿನಗೆ ಗೊತ್ತಿರುವುದೇ.

ನೀನು ಮನ್ಸೂರಾಕ್ಕೆ ಮನೆ ಬದಲಿಸುವಾಗ ನಿನ್ನ ರಷ್ಯನ್ ಸ್ಕೋಪನ್ನು ನನಗೆ ಕೊಟ್ಟು ಹೋದೆಯಲ್ಲ, ನಾಲ್ಕನೇ ದಿನವೇ ಅದರ ಗೆರೆಯ ನಡುವೆ ಒಂದು ಉಬ್ಬು ಕಂಡಿತು. ಫೋನು ಮಾಡಿ, ಕೆಟ್ಟಿದ್ದನ್ನು ನನ್ನ ತಲೆಗೆ ಕಟ್ಟಿದೆ ಎಂದೆ. "ಅದು ನೆಟ್ಟಗೇ ಇದೆ ಶಾಕಿರ್, ಇನ್ನೊಂದು ಸಲ ನೋಡು," ಎಂದೆ ನೀನು. ಆಗ ನನ್ನ ಬಾಯಿಂದ ಆ ಮಾತು ಬಂತು: "ನೋಡೋದರ ಬಗ್ಗೆ ನೀನು ನನಗೆ ಹೇಳ್ತೀಯಾ? ಅವತ್ತು ದೋಣಿ ನೋಡಿದ ಹಾಗಾ?" ನೀನು ಫೋನು ಇಟ್ಟೆ. ಅಷ್ಟೇ.

ಆಮೇಲೆ ಮೂರು ತಿಂಗಳು ನಿನ್ನ ಸ್ಕೋಪಿನ ಹೊಟ್ಟೆ ಬಗೆದೆ. ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿದೆ. ಉಬ್ಬು ಹೋಗಲಿಲ್ಲ. ಬೇರೆ ಸ್ಕೋಪ್ ಹಚ್ಚಿ ನೋಡಿದರೆ ಅದರಲ್ಲೂ ಉಬ್ಬು. ಆಗಲಾದರೂ ಬುದ್ಧಿ ಬರಬೇಕಿತ್ತು. ನಾನು ಮನೆಯ ಕರೆಂಟನ್ನು ಅನುಮಾನಿಸಿದೆ, ಕೆಳಗಿನ ಕ್ಷೌರದ ಮಿತ್ವಲ್ಲಿಯ ಜೊತೆ ಜಗಳಕ್ಕೆ ನಿಂತೆ, ಅವನ ಕೂದಲು ಒಣಗಿಸುವ ಯಂತ್ರದಿಂದಲೇ ಹೀಗಾಗುತ್ತಿದೆ ಎಂದು. ಅವನು ಸೋಪಿನ ಕೈಯಲ್ಲೇ ನಿಂತು ಕೇಳಿದ: "ಹಾಜಿ, ಸೋಮವಾರ ನಮಗೆ ರಜ. ಅವತ್ತು ನಿಮ್ಮ ಗೆರೆ ನೆಟ್ಟಗಿರ್ತದಾ?" ಸೋಮವಾರವೂ ಉಬ್ಬು ಇತ್ತು. ಅವನಿಗೆ ಅದನ್ನು ಹೇಳಲಿಲ್ಲ.

ಕಡೆಗೆ ಹೋದ ತಿಂಗಳು ಗೆರೆಯ ನಡುಭಾಗವೇ ಕಾಣದಾಯಿತು. ನಿನ್ನ ಸ್ಕೋಪಿನ ಬೆಳಕಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಹೌದು, ನಾನೇ. ಅಷ್ಟರಲ್ಲಿ ನಮಾಜಿನ ಹೊತ್ತಾಯಿತು, ಎದ್ದು ಹೋದವನು ಮರೆತೆ. ನಿಮತ್ ಚಹಾ ತಂದವಳು ಬಾಗಿಲಲ್ಲೇ ನಿಂತು, "ಹಾಜಿ, ಇಷ್ಟು ಬೆಳಕು ಯಾಕೆ ಇಟ್ಟಿದ್ದೀರಿ? ಕಣ್ಣು ಕುಕ್ತಿದೆ," ಎಂದಳು. ಉಬ್ಬು ಕಾಣುತ್ತಿದೆಯಾ ಎಂದು ಕೇಳಿದೆ. "ಯಾವ ಉಬ್ಬು? ಬಟ್ಟೆ ಒಣಹಾಕೋ ತಂತಿ ಥರ ನೆಟ್ಟಗಿದೆಯಲ್ಲ." ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವಳು ಲೋಟ ನನ್ನ ಕೈಗೆ ಹಿಡಿಸಿದಳು.

ಕಣ್ಣಿನ ಡಾಕ್ಟರಮ್ಮ ಚೌಕಳಿ ಗೀಟು ಹಾಕಿದ ಹಾಳೆ ಕೊಟ್ಟು ನಡುವಿನ ಚುಕ್ಕಿ ನೋಡಿ ಎಂದರು. ನಮ್ಮ ಪರದೆಯ ಮೇಲಿರುವಂಥದ್ದೇ ಗೀಟು. ನಡುವೆ ಎಲ್ಲ ಬಾಗಿತ್ತು. ಕಣ್ಣಿನ ಹಿಂದಿನ ಪದರ ಸವೆದಿದೆಯಂತೆ, ಎರಡರಲ್ಲೂ. ಅಂಚಿನಲ್ಲಿ ಕಾಣುವುದು ಉಳಿಯಬಹುದಂತೆ, ನಡುವೆ ಹೋದದ್ದು ಹೋಯಿತು. ಈ ಪತ್ರವನ್ನು ನಾನು ಓರೆನೋಟದಲ್ಲಿ ಬರೆಯುತ್ತಿದ್ದೇನೆ.

ನಿನ್ನ ಸ್ಕೋಪು ನೆಟ್ಟಗಿತ್ತು, ವಹ್ಬಿ. ಈಗ ಅದರ ಪರದೆಯಲ್ಲಿ ಅಡ್ಡಕ್ಕೆ ಒಂದು ಸುಟ್ಟ ಗೆರೆ ಇದೆ, ಅದು ನನ್ನ ಕೆಲಸ. ಹಾಳು ಮಾಡಿದ್ದೇನೆ, ಕ್ಷಮಿಸು. ಉಳಿದ ಎಂಟನ್ನೂ ನೀನು ಬಂದು ತೆಗೆದುಕೊಂಡು ಹೋಗು, ಗುಜರಿಗೆ ಹಾಕಲು ಮನಸ್ಸಾಗುವುದಿಲ್ಲ.

ದೇವರು ನಿನ್ನ ಕಣ್ಣುಗಳನ್ನು ಕಾಪಾಡಲಿ. ನಿನ್ನ ಮನೆಯಲ್ಲಿ ನಗು ಇರಲಿ. ಬಿಸ್ಕತ್ತಿನ ಡಬ್ಬಿಯನ್ನೂ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ.

ನಿನ್ನ
ಶಾಕಿರ್

ಮರೆತ ಮಾತು: ಮರೆತದ್ದಲ್ಲ. ಪತ್ರ ಮಡಚಿಟ್ಟು ಚಹಾ ಕುಡಿದು ಮತ್ತೆ ಬಿಚ್ಚಿದ್ದೇನೆ. ಮಂಜಿನ ಆ ಬೆಳಿಗ್ಗೆ ನನ್ನ ಪಾಳಿ ಮುಗಿದು ನೀನು ರಡಾರಿನ ಮುಂದೆ ಕೂತೆ. ಹೊಸ ಟ್ಯೂಬು ಬಂದು ವಾರವಾಗಿತ್ತು. ಅದು ಬಾಳಲಿ ಎಂದು, ಏಳುವ ಮುಂಚೆ ನಾನು ಬೆಳಕು ತಗ್ಗಿಸಿದ್ದೆ. ನಿನಗೆ ಹೇಳಲಿಲ್ಲ. ಪುಸ್ತಕದಲ್ಲಿ "ಎಲ್ಲ ಸರಿ" ಎಂದು ಬರೆದು ಹೋದೆ. ಕಾಲು ಗಂಟೆಯೊಳಗೆ ಆ ಮೀನಿನ ದೋಣಿಯ ಮೇಲೆ ಹಡಗು ಹರಿಯಿತು. ಅಪ್ಪ, ಮಗ ಇಬ್ಬರೂ ಹೋದರು. ಜನರ ಗದ್ದಲದಲ್ಲಿ ನಾನೇ ಒಳಗೆ ನುಗ್ಗಿ ಗುಂಡಿಯನ್ನು ಮೊದಲಿನ ಜಾಗಕ್ಕೆ ತಂದೆ. ವಿಚಾರಣೆಯಲ್ಲಿ ಪರದೆ ಹೇಗಿತ್ತು ಎಂದು ಕೇಳಿದಾಗ, "ಸ್ಪಷ್ಟವಾಗಿತ್ತು ಸಾರ್," ಎಂದೆ. ನಿನ್ನನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು, ಆಮೇಲೆ ಮೂವತ್ತಮೂರು ವರ್ಷ ನೀನು ಆ ಇಬ್ಬರನ್ನು ಹೊತ್ತುಕೊಂಡು ತಿರುಗಿದೆ. ನೀನು ಸರಿಯಾಗಿಯೇ ನೋಡುತ್ತಿದ್ದೆ. ಕಾಣುವಷ್ಟು ಬೆಳಕನ್ನು ನಾನು ಬಿಟ್ಟಿರಲಿಲ್ಲ.

ನಿಮತ್‌ಗೆ ಇದು ಗೊತ್ತಿಲ್ಲ. ನಿನ್ನ ಉತ್ತರ ಬಂದರೆ ನನಗೆ ಓದಿ ಹೇಳಬೇಕಾದವಳು ಅವಳೇ. ಅವಳಿದ್ದಾಳೆಂದು ಯಾವ ಮಾತನ್ನೂ ಬಿಡಬೇಡ, ಎಲ್ಲವನ್ನೂ ಬರೆ.